ಗಾಡಿ ಹತ್ತುವ ಮುಂಚೆ ಒಂದು ಸುತ್ತು

ಡಿಸೆಂಬರಿನಲ್ಲಿ ಊರಿಗೆ ಬಂದಿದ್ದೆ. ನಮ್ಮದು ಕೊಪ್ಪಳ ಜಿಲ್ಲೆ, ಕಾರಟಗಿ ಹತ್ತಿರದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮೇಲೆ ನಿಂತ ನೆಲ್ಲಿನ ಸೀಮೆ. ಕೊಯ್ಲು ಮುಗಿಯುತ್ತಾ ಬಂದಿತ್ತು. ಬೆಳಗಿನ ಐದಕ್ಕೆ ತಮ್ಮ ಪಿಕಪ್ ಹತ್ತಿ ಸೆಲ್ಫ್ ಹೊಡೆದ. ಎಂಜಿನ್ ಒಂದು ಸಲ ಮುಲುಗಿತು. ಆಮೇಲೆ ಬರೀ ಟಿಕ್ ಟಿಕ್ ಸದ್ದು.

"ಈ ತಂಡಿಗೆ ಬ್ಯಾಟ್ರಿ ಕೂತೈತಿ ಅಣ್ಣಾ" ಅಂದ.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಆಗ ಫೋನಿನಲ್ಲಿ 16 ಡಿಗ್ರಿ ತೋರಿಸುತ್ತಿತ್ತು. ನಾನಿರುವುದು ಕೆನಡಾದ ಎಡ್ಮಂಟನ್‌ನಲ್ಲಿ. ಅಲ್ಲಿ ಜನವರಿಯ ಕೆಲವು ರಾತ್ರಿ ಮೈನಸ್ 30ಕ್ಕೆ ಇಳಿಯುತ್ತದೆ. ನನ್ನ ಎಫ್-150 ಪಿಕಪ್ ಬಯಲಲ್ಲೇ ನಿಂತಿದ್ದು ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ. ಅದು ಭಾರಿ ಗಟ್ಟಿ ಗಾಡಿ ಅಂತಲ್ಲ. ಹಿಂದಿನ ರಾತ್ರಿಯೇ ಅದಕ್ಕೆ ಮಾಡಬೇಕಾದ್ದನ್ನು ಮಾಡಿ ಮಲಗಿರುತ್ತೇನೆ.

ಅಲ್ಲಿ ಗಾಡಿಗಳ ಮುಂದಿನ ಜಾಲರಿಯಿಂದ ಒಂದು ಪ್ಲಗ್ ವೈರು ಹೊರಗೆ ಇಳಿಬಿದ್ದಿರುತ್ತದೆ. ಫೋಟೋ ನೋಡಿದ ನಮ್ಮೂರವರು ಇದು ಕರೆಂಟಿನ ಗಾಡಿಯಾ ಅಂತ ಕೇಳುತ್ತಾರೆ. ಅಲ್ಲ, ಅದು ಎಂಜಿನ್ ಬೆಚ್ಚಗಿಡುವ ಹೀಟರ್. ರಾತ್ರಿ ಗೋಡೆಯ ಪ್ಲಗ್ಗಿಗೆ ಹಾಕಿದರೆ ಎಂಜಿನ್ನಿನೊಳಗಿನ ಕೂಲಂಟ್ ಅನ್ನುವ ದ್ರವ ಬಿಸಿಯಾಗಿ ಎಂಜಿನ್ ಬೆಚ್ಚಗಿರುತ್ತದೆ. ಇಲ್ಲದಿದ್ದರೆ ಆ ಚಳಿಗೆ ಆಯಿಲ್ ಬೆಲ್ಲದ ಪಾಕದ ಹಾಗೆ ಮಂದವಾಗುತ್ತದೆ. ಅದನ್ನು ಕಲಕಿಕೊಂಡು ಎಂಜಿನ್ ತಿರುಗಬೇಕಾದರೆ ಬ್ಯಾಟರಿಗೆ ಜಾಸ್ತಿ ಬಲ ಬೇಕು. ಆದರೆ ಮೈನಸ್ 18ರ ಹೊತ್ತಿಗೆ ಬ್ಯಾಟರಿಯ ಬಲವೇ ಹತ್ತಿರ ಹತ್ತಿರ ಅರ್ಧಕ್ಕೆ ಬಂದಿರುತ್ತದೆ. ಅಲ್ಲಿ ಬ್ಯಾಟರಿ ಕೊಳ್ಳುವಾಗ ಮೊದಲು ನೋಡುವುದು ಆ ಮೈನಸ್ 18ರಲ್ಲಿ ಅಳೆದು ಮೇಲೆ ಬರೆದಿರುವ ಲೆಕ್ಕವನ್ನು.

16 ಡಿಗ್ರಿಗೆ ಇದ್ಯಾವುದೂ ಆಗುವುದಿಲ್ಲ. ತಮ್ಮನ ಬ್ಯಾಟರಿ ಕೆಟ್ಟಿದ್ದು ಏಪ್ರಿಲ್, ಮೇ ತಿಂಗಳಿನಲ್ಲಿ. ನಮ್ಮ ಕಡೆ ಬೇಸಿಗೆ 42 ಡಿಗ್ರಿ ದಾಟುತ್ತದೆ, ಬಾನೆಟ್ ಕೆಳಗೆ ಇನ್ನೂ ಜಾಸ್ತಿ. ಆ ಕಾವಿಗೆ ಬ್ಯಾಟರಿಯ ನೀರು ಆರುತ್ತದೆ, ಒಳಗಿನ ಪ್ಲೇಟು ಸವೆಯುತ್ತದೆ. ಬೆಚ್ಚಗಿರುವಷ್ಟು ದಿನ ಹೇಗೋ ಎಳೆಯುತ್ತದೆ. ಬೆಳಗಿನ ಜಾವ ಸ್ವಲ್ಪ ತಣ್ಣಗಾದ ಕೂಡಲೇ ಕೈ ಬಿಡುತ್ತದೆ. ಬೈಗುಳ ಮಾತ್ರ ತಂಡಿಗೆ.

ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆವು. ಎರಡೂ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಹೂವಿನ ಹಾಗೆ ಅರಳಿತ್ತು. ಅವ್ವ ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದು ಕೊಟ್ಟಳು. ಅದಕ್ಕೆ ಒಂದು ಚಮಚ ಅಡುಗೆ ಸೋಡಾ. ಮೊದಲು ಮೈನಸ್ ವೈರು ಬಿಚ್ಚಿದೆ, ಆಮೇಲೆ ಪ್ಲಸ್. ನೀರು ಬಿದ್ದಲ್ಲೆಲ್ಲ ಬುಸುಬುಸು ನೊರೆ ಬಂತು. ಹಳೆ ಬ್ರಷ್ಷಿನಿಂದ ಉಜ್ಜಿದ ಮೇಲೆ ಸೀಸದ ಬಣ್ಣ ಕಂಡಿತು. ಮುಚ್ಚಳ ತೆಗೆದು ನೋಡಿದರೆ ಎರಡು ಸೆಲ್ಲಿನಲ್ಲಿ ಪ್ಲೇಟುಗಳು ನೀರಿನಿಂದ ಮೇಲೆ ಎದ್ದು ಕಾಣುತ್ತಿದ್ದವು. ಕಡಿಮೆಯಾದಾಗ ಏನು ಹಾಕುತ್ತೀ ಅಂತ ಕೇಳಿದೆ. "ಬೋರಿನ ನೀರು" ಅಂದ. ನಮ್ಮ ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುತ್ತದೆ. ಅದನ್ನೇ ಬ್ಯಾಟರಿಗೆ ಕುಡಿಸಿದರೆ ಎಷ್ಟು ದಿನ ಬದುಕೀತು? ಡಿಸ್ಟಿಲ್ಡ್ ವಾಟರ್ ಕ್ಯಾನು ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ, ಹೊಸ ಬ್ಯಾಟರಿಯ ಬೆಲೆ ಮುಂದೆ ಅದು ಏನೂ ಅಲ್ಲ. ಅವತ್ತು ಓಣಿಯ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಿದೆವು. ಕಾರಟಗಿಯ ಅಂಗಡಿಯಲ್ಲಿ ಚೆಕ್ ಮಾಡಿಸಿದಾಗ ಒಂದು ಸೆಲ್ ಪೂರ್ತಿ ಸತ್ತಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಆ ಕಡೆಯವರು ನಮಗಿಂತ ಜಾಣರೇನಲ್ಲ. ಉದಾಸೀನ ಮಾಡಿದರೆ ಮೈನಸ್ 30ರಲ್ಲಿ ನಡುರಸ್ತೆಯಲ್ಲಿ ಜೀವವೇ ಹೋಗಬಹುದು. ಆ ಭಯ ಅವರಿಗೆ ಒಂದು ರೂಢಿ ಕಲಿಸಿದೆ. ಕೆಡುವ ಮುಂಚೆಯೇ ನೋಡುವುದು, ಹತ್ತುವ ಮುಂಚೆ ಗಾಡಿಗೆ ಒಂದು ಸುತ್ತು ಹಾಕುವುದು. ನಮ್ಮಲ್ಲಿ "ಏನೂ ಆಗಂಗಿಲ್ಲ ಬಿಡಣ್ಣ" ಅನ್ನುತ್ತೇವೆ. ಆ ಒಂದು ಮಾತು ನಮ್ಮ ಗಾಡಿಗಳನ್ನು, ಎಷ್ಟೋ ಸಲ ನಮ್ಮ ಜನರನ್ನು ತಿಂದಿದೆ.

ಟೈರಿನ ವಿಷಯವೂ ಹೀಗೇ. ಹವೆ ಸುಮಾರು 5-6 ಡಿಗ್ರಿ ತಣ್ಣಗಾದರೆ ಟೈರಿನ ಗಾಳಿ 1 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಅಕ್ಟೋಬರಿನಲ್ಲಿ 10 ಡಿಗ್ರಿ ಇದ್ದಾಗ ತುಂಬಿಸಿದ ಗಾಳಿ ಮೈನಸ್ 30ಕ್ಕೆ 7 ಪಿಎಸ್ಐ ಕಡಿಮೆಯಾಗಿರುತ್ತದೆ. ಅದಕ್ಕೇ ಅಲ್ಲಿ ನನ್ನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಗೇಜ್ ಇರುತ್ತದೆ. ತಮ್ಮ ರಾಡಿನಿಂದ ಟೈರಿಗೆ ಬಡಿದು ಸದ್ದು ಕೇಳುತ್ತಾನೆ. ಅವನ ಕಿವಿಯ ಮೇಲೆ ನನಗೆ ಗೌರವ ಇದೆ. ಬೇರಿಂಗ್ ಹೋಗುತ್ತಿದೆ ಅಂತ ಬರೀ ಸದ್ದಿನಿಂದ ಹೇಳಿಬಿಡುತ್ತಾನೆ. ಎಡ್ಮಂಟನ್‌ನಲ್ಲಿ ಅದಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡಬೇಕು. ನಮ್ಮ ಮೇಸ್ತ್ರಿಗಳು ಸೆಲ್ಫ್ ಮೋಟಾರ್ ಬಿಚ್ಚಿ ಒಳಗಿನ ಕಾರ್ಬನ್ ಬ್ರಷ್ ಮಾತ್ರ ಬದಲಿಸಿ ಕೊಡುತ್ತಾರೆ, ಅಲ್ಲಿ ಇಡೀ ಮೋಟಾರೇ ಹೊಸದು. ಈ ಕೈಗುಣ ನಮ್ಮದು, ಅದನ್ನು ಬಿಡಬಾರದು. ಆದರೆ ರಾಡಿನ ಸದ್ದು ಪಂಚರ್ ಹೇಳುತ್ತದೆ, 10 ಪಿಎಸ್ಐ ಕಡಿಮೆ ಇರುವುದನ್ನು ಹೇಳುವುದಿಲ್ಲ. ಗಾಳಿ ಕಡಿಮೆ, ಲೋಡ್ ಜಾಸ್ತಿ, ಮೇಲೆ ಏಪ್ರಿಲ್ ಬಿಸಿಲು. ಟೈರು ಸಿಡಿಯುವುದು ಹೀಗೇ ಅಲ್ವಾ?

ಲೋಡಿನ ಮಾತಿಗೆ ಬಂದರೆ, ಪಿಕಪ್ಪಿನ ಗುಣ ಎರಡೂ ಕಡೆ ಒಂದೇ. ಹಿಂದೆ ಖಾಲಿ ಇದ್ದರೆ ಹಗುರ. ಅಲ್ಲಿಯ ನನ್ನ ಮೊದಲ ಚಳಿಗಾಲದಲ್ಲಿ, ಹಿಮ ಬಿದ್ದ ರಸ್ತೆಯಲ್ಲಿ, ಖಾಲಿ ಗಾಡಿ ಸಿಗ್ನಲ್ ಹತ್ತಿರ ಹಿಂಬದಿಯಿಂದ ಜಾರಿ ರಸ್ತೆಗೆ ಅಡ್ಡ ನಿಂತುಬಿಟ್ಟಿತ್ತು. ಮೆಲ್ಲಗೇ ಬ್ರೇಕ್ ಹಾಕಿದ್ದೆ. ನಾಲ್ಕೂ ಚಕ್ರಕ್ಕೆ ಎಳೆತ ಇದ್ದರೆ ಹೊರಡುವುದಕ್ಕೆ ಅನುಕೂಲ, ನಿಲ್ಲುವುದಕ್ಕಲ್ಲ ಅಂತ ಅವತ್ತು ಗೊತ್ತಾಯಿತು. ಪಕ್ಕದ ಮನೆಯ ಹಿರಿಯರು ಮರಳಿನ ಚೀಲ ಹಾಕು ಅಂದರು. ಈಗ ನವೆಂಬರ್ ಬಂದರೆ ಐದು ಚೀಲ ಮರಳು, ಹಿಂದಿನ ಆಕ್ಸೆಲ್ ಸರಿಯಾಗಿ ಮೇಲೆ, ಸರಿಯದ ಹಾಗೆ ಬಿಗಿದು ಕಟ್ಟುತ್ತೇನೆ. ಗಾಡಿ ಸಿಕ್ಕಿಕೊಂಡರೆ ಅದೇ ಮರಳನ್ನು ಚಕ್ರದ ಕೆಳಗೆ ಚೆಲ್ಲಬಹುದು.

ತಮ್ಮನದು ಇದರ ಉಲ್ಟಾ. ನಮ್ಮ ನೆಲ್ಲಿನ ಚೀಲ 75 ಕೆಜಿ. 30 ಚೀಲ ಹೇರಿದರೆ ಎರಡೂಕಾಲು ಟನ್. ಅವನ ಗಾಡಿಗೆ ಬರೆದಿರುವುದು 1.7 ಟನ್. ಅದರ ಮೇಲೆ ಹಮಾಲರು ಕೊನೆಯ ಸಾಲನ್ನು ಹಿಂದಿನ ಬಾಗಿಲಿನ ಅಂಚಿಗೆ ಇಡುತ್ತಾರೆ. ಆಗ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲಿದ ಹಾಗಾಗುತ್ತದೆ. ಎರಡು ಟ್ರಿಪ್ಪಿನ ಡೀಸೆಲ್ ಯಾರು ಕೊಡುತ್ತಾರೆ ಅನ್ನುವ ಅವನ ಕಷ್ಟ ನನಗೆ ಅರ್ಥವಾಗುತ್ತದೆ. ಬಾಡಿಗೆ ಕಟ್ಟುವವರು ಚೀಲ ಎಣಿಸುತ್ತಾರೆ, ಬ್ರೇಕಿನ ಕಷ್ಟ ಎಣಿಸುವುದಿಲ್ಲ. ಆದರೂ ಭಾರ ಮುಂದಕ್ಕೆ ಇಡಿಸುವುದಕ್ಕೆ ಬಿಡಿಗಾಸು ಖರ್ಚಿಲ್ಲ.

ಅದೇ ವಾರ ಸಿಂಧನೂರು ರಸ್ತೆಯಲ್ಲಿ ಅವನ ಜೊತೆ ಹೋಗಿದ್ದೆ. ಕಾಲುವೆ ಪಕ್ಕ ಮಂಜು ದಟ್ಟವಾಗಿತ್ತು. ಎದುರಿಗೆ ಇದ್ದಕ್ಕಿದ್ದಂತೆ ಕಪ್ಪು ಗುಡ್ಡ. ಹುಲ್ಲು ಹೇರಿದ ಟ್ರ್ಯಾಲಿ, ಕೆಟ್ಟು ನಿಂತಿತ್ತು. ಹಿಂದೆ ಒಂದು ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ತಮ್ಮ ಬ್ರೇಕ್ ಹತ್ತಿದ. ಹಿಂದಿನ ಚೀಲಗಳು ಧಪ್ ಅಂತ ಕ್ಯಾಬಿನ್ನಿಗೆ ಬಡಿದವು. ಎರಡು ಮಾರು ದೂರದಲ್ಲಿ ನಿಂತೆವು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಳಿದು ನಮ್ಮ ಗಾಡಿಯ ಹಿಂದೆ ಹೋಗಿ ನೋಡಿದೆ. ನಮ್ಮ ಹಿಂದಿನ ದೀಪಗಳ ಮೇಲೂ ಗದ್ದೆಯ ಕೆಸರು ಒಣಗಿ ಅಂಟಿತ್ತು. ಮಂದವಾದ ಬೆಳಕು, ಹತ್ತು ಹೆಜ್ಜೆ ಆಚೆ ಕಾಣುತ್ತಿರಲಿಲ್ಲ. ಎಡ್ಮಂಟನ್‌ನಲ್ಲಿ ಹಿಮ ಬಿದ್ದ ದಿನ ಹೊರಡುವ ಮುಂಚೆ ಗಾಡಿಯ ನೆತ್ತಿ, ಗಾಜು, ಹಿಂದಿನ ದೀಪ ಎಲ್ಲ ಒರೆಸುತ್ತೇನೆ. ಈಗಿನ ಎಲ್ಇಡಿ ದೀಪ ಹಳೆ ಬಲ್ಬಿನಷ್ಟು ಬಿಸಿಯಾಗುವುದಿಲ್ಲ, ಹಿಮ ತಾನಾಗಿ ಕರಗುವುದಿಲ್ಲ. ಕೈಯಿಂದಲೇ ಒರೆಸಬೇಕು. ಇಲ್ಲಿ ಹಿಮದ ಬದಲು ಕೆಸರು, ಅಷ್ಟೇ.

ಆಯುಧ ಪೂಜೆಯ ದಿನ ನಾವು ಗಾಡಿಯನ್ನು ಎಷ್ಟು ಚೆಂದ ತೊಳೆಯುತ್ತೇವೆ! ಮೂಲೆ ಮೂಲೆ ಉಜ್ಜುತ್ತೇವೆ. ನಾನು ಅಲ್ಲಿಯೂ ಅದನ್ನು ಬಿಟ್ಟಿಲ್ಲ. 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರ್ ಬಿರುಸಾಗುತ್ತದೆ. ಹಾಗಾಗಿ ಹಿಮದ ಟೈರು ಹಾಕಿಸುವುದು, ಬ್ಯಾಟರಿ ಚೆಕ್ ಮಾಡಿಸುವುದು, ಕೂಲಂಟ್ ನೋಡಿಸುವುದು ಎಲ್ಲ ಆ ಹಬ್ಬದ ಆಸುಪಾಸಿನಲ್ಲೇ ಮುಗಿಸುತ್ತೇನೆ. ನಿಂಬೆಹಣ್ಣು ಇಡುವುದು ಆ ಹೊಸ ಟೈರಿನ ಕೆಳಗೆ. ಈ ಪ್ರೀತಿಯಲ್ಲಿ ಒಂದು ಪಾಲು ದಿನಾ ಬೆಳಿಗ್ಗೆ ಎರಡು ನಿಮಿಷ ಸಿಕ್ಕರೆ ಸಾಕು ಅಂತ ತಮ್ಮನಿಗೆ ಹೇಳಿದೆ.

ಅವನು ಏನೂ ಹೇಳಲಿಲ್ಲ. ಸಂಜೆ ಕಾರಟಗಿಯಿಂದ ಬರುವಾಗ ಕೆಂಪು ರಿಫ್ಲೆಕ್ಟರ್ ಟೇಪಿನ ಒಂದು ಸುರುಳಿ ತಂದಿದ್ದ. ಮೊದಲು ನಮ್ಮ ಗಾಡಿಗೆ ಅಂಟಿಸಿದೆವು. ಎದುರು ಮನೆಯ ಕಾಕಾ ಬಂದು ನಿಂತು ನೋಡಿದರು, "ನಮ್ಮ ಟ್ರ್ಯಾಲಿಗೂ ಒಂದೀಟು ಹಚ್ಚಪಾ" ಅಂದರು. ಧೂಳು ಒರೆಸಿ, ಮೂಲೆಗೆ ಎರಡು ಗೇಣು ಅಂಟಿಸಿದೆವು. ಕತ್ತಲಾಗುವಷ್ಟರಲ್ಲಿ ಓಣಿಯ ಆರು ಟ್ರ್ಯಾಲಿ ಆಗಿದ್ದವು. ಸುರುಳಿ ಖಾಲಿಯಾಯಿತು. ಇನ್ನೂ ಮೂರು ಟ್ರ್ಯಾಲಿ ಉಳಿದಿದ್ದವು. ನಾಳೆ ಇನ್ನೊಂದು ತರುತ್ತೇನೆ ಅಂತ ತಮ್ಮ ಅವರಿಗೆ ಹೇಳುತ್ತಿದ್ದ.