ಎಷ್ಟು ಇಳಿಯುತ್ತೆ ಅಂತಲ್ಲ, ಎಷ್ಟು ಉಳಿಯುತ್ತೆ ಅಂತ ಕೇಳಿ

ಬೆಳಿಗ್ಗೆಯಿಂದ ಮನಸ್ಸಿಗೆ ಸಮಾಧಾನವಿಲ್ಲ. ಬರೆದರಾದರೂ ಹಗುರಾಗುತ್ತೇನೆ ಅಂತ ಕೂತಿದ್ದೇನೆ.

ಗೆಳೆಯನೊಬ್ಬ ತನ್ನ ಸೆಡಾನ್‌ಗೆ ಕಾಯಿಲ್‌ಓವರ್ ಹಾಕಿಸಿದ್ದಾನೆ. ಅಂದರೆ ಸ್ಪ್ರಿಂಗ್ ಮತ್ತು ಅದರ ತೂಗಾಟ ತಡೆಯುವ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಸೇರಿದ ಸಸ್ಪೆನ್ಷನ್; ಕಾರಿನ ಎತ್ತರವನ್ನೂ ಡ್ಯಾಂಪಿಂಗನ್ನೂ, ಅಂದರೆ ಆ ತಡೆಯನ್ನೂ, ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದಾದ ಸೆಟ್. ಎರಡು ವರ್ಷ ಕೂಡಿಟ್ಟ ದುಡ್ಡು. "ಬಾರೋ, ಒಂದು ರೌಂಡ್ ಹೋಗಿ ಬರೋಣ" ಅಂತ ಕರೆದ. ಹೋದೆ. ಚಕ್ರಕ್ಕೂ ಮೇಲಿನ ಫೆಂಡರಿಗೂ ನಡುವೆ ಒಂದು ಬೆರಳು ತೂರಿಸುವಷ್ಟು ಜಾಗ ಮಾತ್ರ ಇತ್ತು. ಹೊರಟೆವು. ಸೇತುವೆಯ ಮೊದಲ ಜಾಯಿಂಟ್ ಬಂದಾಗಲೇ ಧಡ್ ಅಂತ ಹೊಡೆಯಿತು, ಸೀದಾ ಸೊಂಟಕ್ಕೆ. ಮುಂದಿನದಕ್ಕೂ ಧಡ್. ಅವನು ಖುಷಿಯಲ್ಲಿ "ಎಷ್ಟು ಬಿಗಿಯಾಗಿದೆ ನೋಡು" ಅಂದ. ನನಗೆ ಹೊಟ್ಟೆ ಉರಿಯಿತು. ಅದು ಬಿಗಿ ಅಲ್ಲ. ಸಸ್ಪೆನ್ಷನ್ ಕೆಲಸವನ್ನೇ ನಿಲ್ಲಿಸಿ ಬಂಪ್ ಸ್ಟಾಪ್ (ಡ್ಯಾಂಪರಿನ ಓಡಾಟವನ್ನು ಕೊನೆಯಲ್ಲಿ ತಡೆಯುವ ಫೋಮಿನ ತುಂಡು) ಮೇಲೆ ಕೂತಿರುವ ಸದ್ದು.

ವಾಪಸ್ ಬಂದು ಕಾರನ್ನು ಜಾಕ್ ಮೇಲೆ ಎತ್ತಿದೆವು. ಮುಂದಿನ ಚಕ್ರ ಬಿಚ್ಚಿ, ಡ್ಯಾಂಪರಿನ ಹೊಳೆಯುವ ರಾಡಿಗೆ ಒಂದು ಸಣ್ಣ ಕೇಬಲ್ ಟೈ ಸುತ್ತಿ, ಕೆಳಕ್ಕೆ ಜಾರಿಸಿಟ್ಟೆವು. ಚಕ್ರ ಹಾಕಿ ಕಾರನ್ನು ನಿಧಾನವಾಗಿ ನೆಲಕ್ಕೆ ಇಳಿಸಿ, ಮತ್ತೆ ಎತ್ತಿದೆವು. ಡ್ಯಾಂಪರಿನ ಬಾಡಿ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಯವರೆಗೆ ಟೈ ಮೇಲಕ್ಕೆ ಸರಿದಿತ್ತು. ಅಲ್ಲಿಂದ ಬಂಪ್ ಸ್ಟಾಪಿಗೆ ಟೇಪ್ ಹಿಡಿದೆ. 15 ಮಿಲಿಮೀಟರ್. ಅಂದರೆ ಕಾರು ಖಾಲಿಯಾಗಿ ಸುಮ್ನೆ ನಿಂತಿರುವಾಗಲೇ ಉಳಿದಿರೋದು ಒಂದೂವರೆ ಸೆಂಟಿಮೀಟರ್. ಮತ್ತೊಂದು ರೌಂಡ್ ಹೋಗಿ ಬಂದು ನೋಡಿದರೆ ಟೈ ಬಂಪ್ ಸ್ಟಾಪಿನ ಫೋಮಿನೊಳಕ್ಕೆ ಹೂತು ಕೂತಿತ್ತು.

ಕೊಳ್ಳುವಾಗ ಏನು ಕೇಳಿದೆ ಅಂದೆ. "ಎಷ್ಟು ಇಳಿಯುತ್ತೆ, ಎಷ್ಟು ಕ್ಲಿಕ್ ಇದೆ ಅಂತ ಕೇಳಿದೆ" ಅಂದ (ಕ್ಲಿಕ್ ಅಂದರೆ ಡ್ಯಾಂಪಿಂಗ್ ಹೊಂದಿಸುವ ನಾಬಿನ ಹಂತ). ನನ್ನ ಕೋಪವೆಲ್ಲ ಇದರ ಮೇಲೇ. ಎಲ್ಲರೂ ಕೇಳೋದು ಇವೆರಡನ್ನೇ. ಮಾರುವವರು ಹೇಳೋದೂ ಇವೆರಡನ್ನೇ. ಇಳಿಸಿದ ಮೇಲೆ ಚಕ್ರ ಮೇಲೇಳೋಕೆ ಎಷ್ಟು ಜಾಗ ಉಳಿಯುತ್ತೆ ಅಂತ ಯಾರೂ ಕೇಳಲ್ಲ.

ಕಾಯಿಲ್‌ಓವರ್‌ಗಳಲ್ಲಿ ಎತ್ತರ ಬದಲಿಸುವ ದಾರಿ ಮುಖ್ಯವಾಗಿ ಎರಡು. ಒಂದರಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನು ತಿರುಗಿಸಿ ಕೆಳಗಿಳಿಸುತ್ತೀರಿ. ಇಳಿಸಿದಷ್ಟೂ ರಾಡ್ ಒಳಕ್ಕೆ ಹೋಗುತ್ತದೆ, ಅಷ್ಟೇ ಜಾಗ ಕಡಿಮೆ. ಇನ್ನೊಂದರಲ್ಲಿ ಡ್ಯಾಂಪರಿನ ಬಾಡಿಯೇ ಕೆಳಗಿನ ಬ್ರಾಕೆಟ್ಟಿನೊಳಗೆ ತಿರುಗಿ ಇಳಿಯುತ್ತದೆ. ಇದರಲ್ಲಿ ಡ್ಯಾಂಪರಿನ ಓಡಾಟ ಹಾಗೇ ಇರುತ್ತದೆ. ಆದರೆ ಟೈರ್ ಹೋಗಿ ಫೆಂಡರಿನ ಒಳಗೆ ತಾಗುವ ಭಯ ತಪ್ಪುವುದಿಲ್ಲ, ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಗೆಳೆಯನದು ಮೊದಲ ಬಗೆಯದು. ತಟ್ಟೆಯನ್ನು ತಿರುಪಿನ ಗೆರೆಗಳ ಕೊನೆಯವರೆಗೂ ಇಳಿಸಿಬಿಟ್ಟಿದ್ದಾರೆ. ತಟ್ಟೆ ಮೇಲೇರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತಲೂ ಅವನಿಗೆ ಯಾರೋ ಹೇಳಿದ್ದರಂತೆ. ಇಲ್ಲ. ಒಂದೇ ಸಮ ಸುತ್ತಿದ ಸ್ಪ್ರಿಂಗಿನಲ್ಲಿ ಬದಲಾಗೋದು ಎತ್ತರ, ಗಟ್ಟಿತನ ಅಲ್ಲ.

ಗಟ್ಟಿತನದ ಲೆಕ್ಕವನ್ನು ಅಲ್ಲೇ ಕೂತು ಮಾಡಿ ತೋರಿಸಿದೆ. ಮುಂದಿನ ಒಂದು ಮೂಲೆಯಲ್ಲಿ ಸ್ಪ್ರಿಂಗ್ ಹೊರುವ ತೂಕ 340 ಕಿಲೋ ಅಂತ ಇಟ್ಟುಕೊಳ್ಳಿ. ಚಕ್ರದ ಬಳಿ ಲೆಕ್ಕ ಹಾಕಿದಾಗ ಗಟ್ಟಿತನ ಮಿಲಿಮೀಟರಿಗೆ 30 ನ್ಯೂಟನ್ ಇದ್ದರೆ ಕಾರಿನ ಮೈ ಸೆಕೆಂಡಿಗೆ ಸುಮಾರು ಒಂದೂವರೆ ಸಲ ಮೇಲೆ ಕೆಳಗೆ ತೂಗುತ್ತದೆ. ಚುರುಕಾಗಿಯೂ ಇರುತ್ತದೆ, ದಿನಾ ಓಡಾಡಲೂ ಆಗುತ್ತದೆ. ಇವನ ಪೆಟ್ಟಿಗೆ ಮೇಲೆ ಬರೆದಿರೋದು ಮಿಲಿಮೀಟರಿಗೆ 8 ಕೆಜಿ, ಅಂದರೆ 78 ನ್ಯೂಟನ್. ಮುಂದಿರುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ (ಸ್ಪ್ರಿಂಗ್, ಡ್ಯಾಂಪರ್ ಎರಡೂ ಒಂದೇ ಕಂಬವಾಗಿ ಚಕ್ರವನ್ನು ಹಿಡಿದಿರುವ ಜೋಡಣೆ) ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಚಕ್ರಕ್ಕೇ ಬರುತ್ತದೆ. ಆಗ ಸೆಕೆಂಡಿಗೆ 2.4 ಸಲದ ಹತ್ತಿರ. ಇದು ರೇಸ್ ಟ್ರ್ಯಾಕಿನ ಕಡೆಗೆ ವಾಲಿದ ಲೆಕ್ಕ, ನಾಲ್ಕು ಜನ ಕೂತು ಊರಿಗೆ ಹೋಗುವ ಕಾರಿನದಲ್ಲ. ಹಿಂದಿನ ಚಕ್ರಗಳ ಕಥೆ ಬೇರೆ. ಅಲ್ಲಿ ಸ್ಪ್ರಿಂಗ್ ಆರ್ಮಿನ ನಡುವೆ ಕೂತಿದ್ದು, ಚಕ್ರದ ಓಡಾಟದ ಹತ್ತರಲ್ಲಿ ಏಳು ಪಾಲಷ್ಟೇ ಅದಕ್ಕೆ ತಲುಪಿದರೆ, ಅದೇ 8 ಕೆಜಿ ಚಕ್ರದ ಬಳಿ 4 ಕೆಜಿಗಿಂತ ಕಡಿಮೆ (ಆ ಪಾಲನ್ನು ಓಡಾಟಕ್ಕೊಮ್ಮೆ, ಬಲಕ್ಕೊಮ್ಮೆ, ಎರಡು ಸಲ ಗುಣಿಸಬೇಕು). ಹಾಗಾಗಿ ಪೆಟ್ಟಿಗೆ ಮೇಲಿನ ನಂಬರ್ ಒಂದನ್ನೇ ನೋಡಿ ಏನೂ ಹೇಳೋಕಾಗಲ್ಲ.

ಇನ್ನು ಕ್ಲಿಕ್. ಇವನದರಲ್ಲಿ 32 ಇದೆ, ಎಲ್ಲವನ್ನೂ ಬಿಗಿ ಕಡೆಗೆ ತಿರುಗಿಸಿಟ್ಟಿದ್ದ. ಒಂದೇ ನಾಬ್ ಇರುವ ಬಹಳಷ್ಟು ಡ್ಯಾಂಪರ್‌ಗಳಲ್ಲಿ ಅದು ಮುಖ್ಯವಾಗಿ ತಡೆಯೋದು ರಿಬೌಂಡನ್ನು, ಅಂದರೆ ಅಮುಕಿದ ಸ್ಪ್ರಿಂಗ್ ವಾಪಸ್ ಚಾಚಿಕೊಳ್ಳುವುದನ್ನು. ಅತಿಯಾಗಿ ಬಿಗಿದರೆ ಒಂದು ಉಬ್ಬಿನಿಂದ ಚಾಚಿಕೊಳ್ಳುವಷ್ಟರಲ್ಲಿ ಇನ್ನೊಂದು ಉಬ್ಬು ಬರುತ್ತದೆ. ಸಾಲು ಉಬ್ಬುಗಳ ಮೇಲೆ ಕಾರು ಹಂತ ಹಂತವಾಗಿ ಕುಸಿಯುತ್ತಾ ಹೋಗುತ್ತದೆ. ಇದ್ದ 15 ಮಿಲಿಮೀಟರೂ ಹಾಗೇ ಕರಗಿಹೋಗಿತ್ತು. 20 ಕ್ಲಿಕ್ ಸಡಿಲ ಮಾಡಿ ಅದೇ ದಾರಿಯಲ್ಲಿ ಹೋದೆವು. ಏಟು ಸ್ವಲ್ಪ ಮೆತ್ತಗಾಯಿತು, ಧಡ್ ಮಾತ್ರ ಉಳಿಯಿತು. ಜಾಗವೇ ಇಲ್ಲದ ಕಡೆ ನಾಬ್ ಏನು ಮಾಡೀತು?

"ನನ್ನ ಕಾರು, ನನ್ನ ಇಷ್ಟ, ಇಳಿದಿದ್ದರೆ ಚೆಂದ ಕಾಣುತ್ತೆ" ಅಂತ ಹೇಳುವವರಿದ್ದಾರೆ. ಚೆಂದ ಕಾಣುವುದು ನಿಜ, ನನಗೂ ಇಷ್ಟ. ಆದರೆ "ಇಳಿಸಿದರೆ ತಿರುವಿನಲ್ಲಿ ಹಿಡಿತ ಜಾಸ್ತಿ" ಅಂತ ಅದರ ಹಿಂದೆಯೇ ಸೇರಿಸುತ್ತಾರಲ್ಲ, ಅದನ್ನು ಒಪ್ಪಲಾರೆ. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕ ಬಂಪ್ ಸ್ಟಾಪ್ ಮೇಲೆ ಕೂತರೆ ಆ ಮೂಲೆಯ ಗಟ್ಟಿತನ ಒಮ್ಮೆಲೇ ಏರುತ್ತದೆ. ಭಾರ ತಟ್ಟನೆ ಆ ಟೈರ್ ಮೇಲೆ ಬೀಳುತ್ತದೆ, ಹಿಡಿತ ತಪ್ಪುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಇನ್ನೊಂದು ತೊಂದರೆಯೂ ಇದೆ. ತುಂಬಾ ಇಳಿಸಿದರೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ತೋಳು) ಚಕ್ರದ ಕಡೆಗೆ ಮೇಲ್ಮುಖವಾಗಿಬಿಡುತ್ತದೆ. ಆಗ ರೋಲ್ ಸೆಂಟರ್, ಅಂದರೆ ಕಾರು ಪಕ್ಕಕ್ಕೆ ವಾಲುವಾಗ ಸುತ್ತುವ ಬಿಂದು, ಕಾರಿನ ಭಾರಕೇಂದ್ರ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಇಳಿಯುತ್ತದೆ. ಇಳಿಸಿದ ಕಾರು ವಾಲೋಕೆ ಇನ್ನಷ್ಟು ಹವಣಿಸುತ್ತದೆ, ಅದನ್ನು ತಡೆಯೋಕೆ ಅಂತ ಮತ್ತೆ ಗಟ್ಟಿ ಸ್ಪ್ರಿಂಗ್ ಹಾಕಬೇಕಾಗುತ್ತದೆ.

ಇಷ್ಟು ಕೋಪ ಯಾಕೆ ಅಂದರೆ, ಇದೇ ತಪ್ಪನ್ನು ನಾನೂ ಮಾಡಿದ್ದೆ. ನನ್ನ ಮೊದಲ ಸೆಡಾನನ್ನು 50 ಮಿಲಿಮೀಟರ್ ಇಳಿಸಿದ್ದೆ. ಅಮ್ಮ ಯಾವತ್ತೂ ಹಿಂದಿನ ಸೀಟಿನಲ್ಲಿ ಎಡಗಡೆ ಕೂರುತ್ತಿದ್ದಳು. ಹೊಸ ಸಸ್ಪೆನ್ಷನ್ ಹಾಕಿಸಿದ ಮೇಲೆ ಬಾಗಿಲ ಮೇಲಿನ ಹಿಡಿಯನ್ನು ಹತ್ತುವಾಗಲೇ ಹಿಡಿದುಕೊಳ್ಳೋಕೆ ಶುರು ಮಾಡಿದಳು, ಇಳಿಯುವವರೆಗೂ ಬಿಡುತ್ತಿರಲಿಲ್ಲ. ಒಂದು ಮಾತು ಆಡಲಿಲ್ಲ. ಆಮೇಲಾಮೇಲೆ "ನೀನು ಹೋಗಿ ಬಾ ಮಗಾ, ನಾನು ಬಸ್ಸಲ್ಲಿ ಬರ್ತೀನಿ" ಅನ್ನತೊಡಗಿದಳು. ನನಗೆ ಅರ್ಥವಾಗೋಕೆ ನಾಲ್ಕು ತಿಂಗಳು ಬೇಕಾಯಿತು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಹಾಗಾಗಿ ದಯವಿಟ್ಟು, ದುಡ್ಡು ಕೊಡುವ ಮೊದಲು ಕೇಳಿ. ನಾನು ಇಡಬೇಕೆಂದಿರುವ ಎತ್ತರದಲ್ಲಿ ಬಂಪ್ ಸ್ಟಾಪಿಗೆ ಎಷ್ಟು ಮಿಲಿಮೀಟರ್ ಉಳಿಯುತ್ತೆ? ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಿದಾಗ ಎಷ್ಟು? ಸ್ಪ್ರಿಂಗ್ ರೇಟ್ (ಗಟ್ಟಿತನ) ಮುಂದೆ ಎಷ್ಟು, ಹಿಂದೆ ಎಷ್ಟು? ಆ ಸ್ಪ್ರಿಂಗಿಗೆ ಈ ಡ್ಯಾಂಪರ್ ಹೊಂದುತ್ತೆ ಅಂತ ತೋರಿಸುವ ಡೈನೋ ಗ್ರಾಫ್ (ಯಂತ್ರದಲ್ಲಿಟ್ಟು ಡ್ಯಾಂಪರಿನ ತಡೆ ಅಳೆದ ನಕ್ಷೆ) ಇದೆಯಾ? ಮುಂದೆ ಸೀಲ್ ಹೋದರೆ ರಿಪೇರಿಗೆ ಭಾಗ ಸಿಗುತ್ತಾ? ಉತ್ತರ ಕೊಡದಿದ್ದರೆ ಎದ್ದು ಬನ್ನಿ.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಗೆಳೆಯನ ಕಾರಿನಲ್ಲಿ ಲೋಯರ್ ಆರ್ಮಿನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿದಿದ್ದಾರೆ. ಕಾರು ನೆಲಕ್ಕಿಳಿದಾಗಿನಿಂದ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್ ತಿರುಚಿಕೊಂಡೇ ಇದೆ. ಟಾರ್ಚ್ ಹಾಕಿ ನೋಡಿದರೆ ಅಂಚಿನಲ್ಲಿ ಆಗಲೇ ಸಣ್ಣ ಬಿರುಕು. ಹಾಕಿಸಿ ಹದಿನೈದು ದಿನ ಆಗಿದೆ ಅಷ್ಟೇ. ಚಕ್ರಗಳ ಮೇಲೆ ಕಾರಿನ ಭಾರ ಬಿಟ್ಟು ಬಿಗಿಯಬೇಕಿತ್ತು. ವೀಲ್ ಅಲೈನ್‌ಮೆಂಟ್ ಅಂತೂ ಮಾಡಿಸಿಯೇ ಇಲ್ಲ.

ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋಗುತ್ತಿದ್ದೇನೆ. ನಾಲ್ಕೂ ಮೂಲೆ 25 ಮಿಲಿಮೀಟರ್ ಎತ್ತಿ, ಬುಷ್ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿದು, ಅಲೈನ್‌ಮೆಂಟ್ ಮಾಡಿಸಿಕೊಂಡು ಬರುತ್ತೇವೆ. ಕೇಬಲ್ ಟೈ ಇನ್ನೂ ರಾಡಿನಲ್ಲೇ ಇದೆ. ಅವರಮ್ಮನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆ ಸೇತುವೆ ಮೇಲೆ ಹೋಗಿ ಬಂದು, ಟೈ ಎಲ್ಲಿ ನಿಂತಿದೆ ಅಂತ ನೋಡಬೇಕು.