ತಲೆ ಸುತ್ತು ಅಂದವರನ್ನು ಒಮ್ಮೆ ಫೋಮ್ ಮೇಲೆ ನಿಲ್ಲಿಸಿ ನೋಡಿ

ತಲೆ ಸುತ್ತುತ್ತೆ, ನಡೆಯುವಾಗ ವಾಲುತ್ತೆ ಅಂತ ಹೋದವರಿಗೆ ನಮ್ಮಲ್ಲಿ ಏನಾಗುತ್ತೆ ಗೊತ್ತಲ್ವಾ? ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಕತ್ತಿನ ಎಕ್ಸ್‌ರೇ ತೆಗೆಸಿ ಸ್ಪಾಂಡಿಲೈಟಿಸ್ ಅನ್ನುತ್ತಾರೆ, ಮಾತ್ರೆ ಬರೆಯುತ್ತಾರೆ. ಮನೆಯಲ್ಲಿ ಹಿರಿಯರು ಪಿತ್ತ ಅನ್ನುತ್ತಾರೆ. ರೋಗಿಯನ್ನು ಎಬ್ಬಿಸಿ ನಿಲ್ಲಿಸಿ ನೋಡುವವರು ಮಾತ್ರ ಕಡಿಮೆ. ಇದು ನನಗೆ ತುಂಬಾ ಬೇಜಾರು.

ನಮ್ಮ ದೊಡ್ಡಮ್ಮನ ವಿಷಯ ಹೇಳುತ್ತೇನೆ. ಒಂದು ದೊಡ್ಡ ಸೋಂಕಿಗೆ ಜೆಂಟಾಮೈಸಿನ್ ಇಂಜೆಕ್ಷನ್ ಕೊಟ್ಟಿದ್ದರು. ಸೋಂಕು ವಾಸಿಯಾಯಿತು. ಆಮೇಲೆ ಕತ್ತಲಲ್ಲಿ ಬಾತ್‌ರೂಮಿಗೆ ಹೋಗೋಕಾಗಲ್ಲ, ನಡೆಯುವಾಗ ಎದುರಿನ ಬೋರ್ಡು ಕುಣಿದ ಹಾಗೆ ಕಾಣುತ್ತೆ. ಆದರೆ ತಲೆ ಗಿರ್ರನೆ ತಿರುಗಲ್ಲ. ಹಾಗಾಗಿ ಎಲ್ಲರೂ ನಿಶ್ಶಕ್ತಿ ಅಂದರು, ಟಾನಿಕ್ ಕೊಟ್ಟರು. ಆ ಜೆಂಟಾಮೈಸಿನ್ ಎರಡೂ ಕಡೆಯ ಒಳಕಿವಿಗೆ ಒಟ್ಟಿಗೇ ಹಾನಿ ಮಾಡಬಹುದು, ಆಗ ತಿರುಗೋ ಅನುಭವ ಇಲ್ಲದೆಯೇ ಬ್ಯಾಲೆನ್ಸ್ ಹೋಗಿಬಿಡಬಹುದು ಅಂತ ನಮಗೆ ಯಾರೂ ಹೇಳಲಿಲ್ಲ.

ಬೀಳದೆ ನಿಲ್ಲೋಕೆ ಮಿದುಳಿಗೆ ಕಣ್ಣು, ಪಾದ, ಒಳಕಿವಿ ಮೂರೂ ಕಡೆಯಿಂದ ಸುದ್ದಿ ಬರಬೇಕು. ಒಂದು ಕೈಕೊಟ್ಟರೆ ಉಳಿದೆರಡು ಹೇಗೋ ಸಂಭಾಳಿಸುತ್ತವೆ. ಅದಕ್ಕೇ ಗಟ್ಟಿ ನೆಲದ ಮೇಲೆ ಪಾದ ಜೋಡಿಸಿ ಕಣ್ಣು ಮುಚ್ಚಿಸುವ ರೊಂಬರ್ಗ್ ಪರೀಕ್ಷೆಯಲ್ಲಿ ಒಳಕಿವಿ ಕೆಟ್ಟವರೂ ಎಷ್ಟೋ ಸಲ ಪಾಸಾಗುತ್ತಾರೆ. ಅದು 19ನೇ ಶತಮಾನದ ಪರೀಕ್ಷೆ, ಪಾದದ ಸುದ್ದಿ ಮೇಲಕ್ಕೆ ಹೋಗದಿರುವ ಬೆನ್ನುಹುರಿಯ ಕಾಯಿಲೆ ಹಿಡಿಯೋಕೆ ಬಂದದ್ದು. ಅದೇ ವ್ಯಕ್ತಿಯನ್ನು ದಪ್ಪನೆ ಮೆತ್ತನೆ ಫೋಮ್ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿಸಿ. ಈಗ ಕಣ್ಣಿಲ್ಲ, ಪಾದ ಹೇಳೋದನ್ನು ನಂಬೋ ಹಾಗಿಲ್ಲ, ಒಳಕಿವಿ ಒಂದೇ ಗತಿ. ದೊಡ್ಡಮ್ಮ ನೆಲದ ಮೇಲೆ ಸುಮ್ನೆ ನಿಂತಿದ್ದರು, ಫೋಮ್ ಮೇಲೆ ಕಣ್ಣು ಮುಚ್ಚಿದ ಕೂಡಲೇ ಹಿಂದಕ್ಕೆ ವಾಲಿದರು, ಫಿಸಿಯೋ ಹಿಡಿದುಕೊಂಡರು.

1986ರಲ್ಲೇ ಆನ್ ಶಮ್ವೇ-ಕುಕ್ ಮತ್ತು ಫೇ ಹೋರಾಕ್ ಎಂಬ ಇಬ್ಬರು ಫಿಸಿಯೋಥೆರಪಿಸ್ಟ್‌ಗಳು ಇದನ್ನು ಕ್ರಮವಾಗಿ ಬರೆದಿಟ್ಟಿದ್ದಾರೆ. ಬೇಕಾಗಿರೋದು ಒಂದು ಫೋಮ್, ಒಂದು ಗಡಿಯಾರ, ಹಿಡಿಯೋಕೆ ಪಕ್ಕದಲ್ಲಿ ಒಬ್ಬರು. (ಮನೆಯಲ್ಲಿ ಒಬ್ಬರೇ ಪ್ರಯತ್ನಿಸಬೇಡಿ, ದಯವಿಟ್ಟು.) ಇದೊಂದರಿಂದಲೇ ಕಿವಿಯ ತೊಂದರೆ ಅಂತ ಹೇಳೋಕಾಗಲ್ಲ, ನಿಜ. ಅದರ ಜೊತೆಗೆ, ಎದುರಿನ ಒಂದು ಗುರಿ ನೋಡ್ತಾ ಇರಿ ಅಂತ ಹೇಳಿ ತಲೆಯನ್ನು ಫಟ್ಟನೆ ಸ್ವಲ್ಪ ತಿರುಗಿಸಿ ಕಣ್ಣು ಆ ಗುರಿ ಬಿಡುತ್ತಾ ಅಂತ ನೋಡೋ ಪರೀಕ್ಷೆ ಇದೆ, ಸಿಡ್ನಿಯ ಹಾಲ್ಮಾಗಿ ಮತ್ತು ಕರ್ಥಾಯ್ಸ್ 1988ರಲ್ಲಿ ವಿವರಿಸಿದ್ದು. ಮಗ್ಗುಲು ಬದಲಿಸಿದಾಗ ಮಾತ್ರ ತಿರುಗುತ್ತೆ ಅನ್ನುವವರನ್ನು ಥಟ್ಟನೆ ಮಲಗಿಸಿ ಕಣ್ಣು ನೋಡೋ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಇದೆ. ಯಾವುದಕ್ಕೂ ದೊಡ್ಡ ಮೆಷಿನ್ ಬೇಡ.

ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲಲ್ಲಿ ಬಲ ಹೋದರೆ ಇದ್ಯಾವುದಕ್ಕೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಬೇಕು, ಅದು ಸ್ಟ್ರೋಕ್ ಇರಬಹುದು. ಉಳಿದವರು ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗುತ್ತಾ ಕೂರಬೇಡಿ. ಅವುಗಳಲ್ಲಿ ಕೆಲವು ಮಿದುಳು ತಾನಾಗಿ ಹೊಂದಿಕೊಳ್ಳೋದನ್ನೇ ನಿಧಾನ ಮಾಡುತ್ತವೆ. ಬ್ಯಾಲೆನ್ಸ್ ಟೆಸ್ಟ್ ಮಾಡ್ತೀರಾ ಡಾಕ್ಟ್ರೇ ಅಂತ ಬಾಯಿಬಿಟ್ಟು ಕೇಳಿ, ಇಲ್ಲ ಅಂದರೆ ಮಾಡುವವರು ಯಾರು ಅಂತ ಕೇಳಿ ಚೀಟಿ ಬರೆಸಿಕೊಳ್ಳಿ.