ಹುಬ್ಬಳ್ಳಿ ಅಗ್ಗ ಇದ್ದರೆ ಲಾಭ ಯಾರಿಗೆ?

"ನಾವು ಇರೂದು ಹುಬ್ಬಳ್ಳ್ಯಾಗ ಅಲ್ರೀ ಸರ್, ತಾಸಿಗೆ ಎಂಟ್ ಡಾಲರ್ ಸಿಕ್ರ ಬೇಕಾದಷ್ಟಾತು." ಹೊಸದಾಗಿ ಫ್ರೀಲಾನ್ಸ್ (ಯಾರ ನೌಕರಿಯೂ ಇಲ್ಲದೆ ಹೊರಗಿನ ಕ್ಲೈಂಟುಗಳಿಗೆ ಮಾಡಿಕೊಡುವ ಸಾಫ್ಟ್‌ವೇರ್‌ನಂಥ ಕೆಲಸ) ಶುರು ಮಾಡುವ ನಮ್ಮ ಕಡೆಯ ಹುಡುಗರು ಈ ಮಾತು ಹೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇಲ್ಲಿ ಮನೆ ಬಾಡಿಗೆ ಬೆಂಗಳೂರಿನಷ್ಟಿಲ್ಲ, ಊಟ ಮನೆಯದು, ಓಡಾಟಕ್ಕೆ ಚಿಗರಿ ಬಸ್ಸು ಇದೆ, ಎಲ್ಲಾ ಖರೆ. ಆದರೆ ಆ ಉಳಿತಾಯ ನಿಮ್ಮದು. ಅದನ್ನು ತೆಗೆದು ಟೆಕ್ಸಾಸಿನ ಯಾವನೋ ಪುಣ್ಯಾತ್ಮನಿಗೆ ರಿಯಾಯಿತಿ ಅಂತ ಯಾಕೆ ಕೊಡುತ್ತೀರಿ? ನೀವು ಹುಬ್ಬಳ್ಳಿಯಲ್ಲಿ ಇದ್ದೀರೋ ಹಾವೇರಿಯಲ್ಲಿ ಇದ್ದೀರೋ ಅವನಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ.

ಇನ್ನೊಂದು ತಮಾಷೆ ನೋಡಿ. 2024ರಲ್ಲಿ ಇನ್ಫೋಸಿಸ್, ತನ್ನ ನೌಕರರು ಹುಬ್ಬಳ್ಳಿ ಕ್ಯಾಂಪಸ್ಸಿಗೆ ವರ್ಗ ಮಾಡಿಸಿಕೊಂಡು ಬಂದರೆ ಹುದ್ದೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಕೊಡುವುದಾಗಿ ಹೇಳಿತು. ಅಂದರೆ ಇಲ್ಲಿಗೆ ಬರುವವರಿಗೆ ಕಂಪನಿಯೇ ಮೇಲೆ ರೊಕ್ಕ ಕೊಡುತ್ತದೆ. ಇಲ್ಲೇ ಹುಟ್ಟಿ, ಇಲ್ಲೇ ಓದಿ, ಇಲ್ಲೇ ಕೂತ ನಮ್ಮವರು ಮಾತ್ರ ಊರಿನ ಹೆಸರಲ್ಲಿ ತಮ್ಮ ರೇಟು ತಾವೇ ಇಳಿಸಿಕೊಳ್ಳುತ್ತಾರೆ.

ಈಗ ಆ ಎಂಟು ಡಾಲರಿನ ಲೆಕ್ಕಕ್ಕೆ ಬರೋಣ. ರೂಪಾಯಿ 2025ರ ಡಿಸೆಂಬರ್‌ನಲ್ಲಿ ಡಾಲರಿಗೆ 90 ದಾಟಿತ್ತು, ಅದನ್ನೇ ಹಿಡಿಯೋಣ. ತಾಸಿಗೆ 720 ರೂಪಾಯಿ. ಹುಡುಗ ಮನಸ್ಸಿನಲ್ಲೇ ದಿನಕ್ಕೆ ಎಂಟು ತಾಸು, ತಿಂಗಳಿಗೆ 25 ದಿನ ಅಂತ ಗುಣಾಕಾರ ಮಾಡಿ 1,44,000 ಅನ್ನುತ್ತಾನೆ, ಅವತ್ತೇ ಬೈಕಿನ ಶೋರೂಮಿಗೆ ಹೋಗಿ ಬರುತ್ತಾನೆ. ಆದರೆ ಫ್ರೀಲಾನ್ಸ್‌ನಲ್ಲಿ ಕೂತ ತಾಸೆಲ್ಲ ಬಿಲ್ ಆಗುವುದಿಲ್ಲ. ಪ್ರಪೋಸಲ್ ಬರೆಯುವುದು, ಕ್ಲೈಂಟಿನ ಜೊತೆ ಮೊದಲ ಮಾತುಕತೆ, ಹೊಸದು ಕಲಿಯುವುದು, ಇನ್‌ವಾಯ್ಸ್ ಕಳಿಸಿ ರೊಕ್ಕಕ್ಕೆ ಬೆನ್ನು ಬೀಳುವುದು, ಇವಕ್ಕೆ ಯಾರೂ ಕೊಡುವುದಿಲ್ಲ. ವಾರಕ್ಕೆ ಇಪ್ಪತ್ತು ತಾಸು ಬಿಲ್ ಆದರೆ ಚೊಲೋ ವಾರ ಅನ್ನಬೇಕು. ತಿಂಗಳಿಗೆ 80 ತಾಸು, 640 ಡಾಲರ್. ಕ್ಲೈಂಟನ್ನು ಹುಡುಕಿಕೊಡುವ ಪ್ಲಾಟ್‌ಫಾರ್ಮಿನ (ಜಾಲತಾಣದ) ಕಡಿತ ಶೇ 10 ಹೋದರೆ 576. ಡಾಲರ್ ರೂಪಾಯಿಯಾಗುವ ದಾರಿಯಲ್ಲಿ ಇನ್ನೊಂದು ಶೇ 2 ಸೋರಿತು ಅನ್ನಿ, ಕೈಗೆ ಬರುವುದು 50,800. ವರ್ಷಪೂರ್ತಿ ಕೆಲಸ ಇರುವುದಿಲ್ಲ. ಎಂಟು ತಿಂಗಳು ಸಿಕ್ಕರೆ ಸರಾಸರಿ ತಿಂಗಳಿಗೆ 34 ಸಾವಿರದೊಳಗೆ. ಅದರಲ್ಲೇ ಎರಡೆರಡು ಇಂಟರ್ನೆಟ್ ಲೈನು (ಒಂದು ಫೈಬರ್, ಅದು ಕೈಕೊಟ್ಟಾಗ ಇನ್ನೊಂದು), ಇನ್ವರ್ಟರ್ ಬ್ಯಾಟರಿ, ಆರೋಗ್ಯ ವಿಮೆ, ಮೂರ್ನಾಲ್ಕು ವರ್ಷಕ್ಕೊಂದು ಲ್ಯಾಪ್‌ಟಾಪ್. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಜ್ವರ ಬಂದ ದಿನ ಸಂಬಳವೂ ಇಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳು ಫ್ರೆಷರ್‌ಗೆ ಹತ್ತು ವರ್ಷದಿಂದ ಕೊಡುತ್ತಾ ಬಂದಿರುವ ವರ್ಷಕ್ಕೆ ಮೂರೂವರೆ ಲಕ್ಷವನ್ನು ನಾವೆಲ್ಲ ಬಾಯಿ ತುಂಬ ಬಯ್ಯುತ್ತೇವಲ್ಲ, ಎಂಟು ಡಾಲರಿನವ ಸುತ್ತಿ ಸುತ್ತಿ ಬಂದು ಅಲ್ಲೇ ನಿಂತಿರುತ್ತಾನೆ.

ಕಡಿತವೂ ಒಂದೇ ಥರ ಇರುವುದಿಲ್ಲ. ಇಂಥ ಪ್ಲಾಟ್‌ಫಾರ್ಮುಗಳಲ್ಲಿ ಒಂದಾದ ಫೈವರ್, ಕೆಲಸ ಮಾಡಿಕೊಡುವವನಿಂದ ಶೇ 20 ಹಿಡಿಯುತ್ತದೆ. ಇನ್ನೊಂದಾದ ಅಪ್‌ವರ್ಕ್‌ನಲ್ಲಿ ಹಿಂದೆ ಒಬ್ಬ ಕ್ಲೈಂಟಿನಿಂದ ಬರುವ ಮೊದಲ 500 ಡಾಲರಿಗೆ ಶೇ 20, ಆಮೇಲೆ 10, 10,000 ಡಾಲರ್ ದಾಟಿದ ಮೇಲೆ 5 ಇತ್ತು. 2023ರಲ್ಲಿ ಎಲ್ಲಕ್ಕೂ 10 ಆಯಿತು, 2025ರಿಂದ ಹೊಸ ಕಾಂಟ್ರಾಕ್ಟಿಗೆ ಸೊನ್ನೆಯಿಂದ 15ರವರೆಗೆ ಎಷ್ಟಾದರೂ ಇರಬಹುದು. ಹಳೇ ಪದ್ಧತಿಯಲ್ಲಿ ಒಬ್ಬನ ಜೊತೆಗೇ ವರ್ಷಗಟ್ಟಲೆ ಇದ್ದರೆ ಕಡಿತ ಇಳಿಯುತ್ತಿತ್ತು, ನನ್ನಂಥವರಿಗೆ ಅದೇ ಅನುಕೂಲವಾಗಿತ್ತು. ಇನ್ನು ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವುದಕ್ಕೆ 'ಕನೆಕ್ಟ್' ಅನ್ನುವ ಟೋಕನ್ ಕೊಳ್ಳಬೇಕು, ಒಂದಕ್ಕೆ 15 ಸೆಂಟ್. ಒಂದು ಕೆಲಸಕ್ಕೆ ಹದಿನೈದು ಕನೆಕ್ಟ್ ಕೇಳಿದರೆ ಸುಮಾರು ಇನ್ನೂರು ರೂಪಾಯಿ ಹೋಯಿತು, ಆ ಕಡೆಯವ ನಿಮ್ಮ ಪ್ರಪೋಸಲ್ ತೆರೆದು ನೋಡಲಿ ಬಿಡಲಿ.

ಇದಕ್ಕಿಂತ ಕೆಟ್ಟದ್ದು ನಮ್ಮೂರೊಳಗೇ ಇದೆ. ಹೊರಗಿನ ಕ್ಲೈಂಟಿನಿಂದ ತಾಸಿಗೆ 25 ಡಾಲರಿಗೆ ಕೆಲಸ ಹಿಡಿದು, ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರಿಗೆ 150 ರೂಪಾಯಿಗೆ ದಾಟಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಳಿದರೆ "ಎಕ್ಸ್‌ಪೀರಿಯನ್ಸ್ ಸಿಗ್ತದಲ್ಲ" ಅನ್ನುತ್ತಾರೆ. ಯಾವ ಎಕ್ಸ್‌ಪೀರಿಯನ್ಸ್? ಕ್ಲೈಂಟಿನ ಜೊತೆ ಮಾತಾಡಲು ಬಿಡುವುದಿಲ್ಲ, ಪ್ರೊಫೈಲಿನಲ್ಲಿ ಆ ಕೆಲಸ ತೋರಿಸುವ ಹಾಗಿಲ್ಲ. ನಡುವಿನವನಿಗೆ ಪಾಲು ಬೇಡ ಅಂತಲ್ಲ, ಕೆಲಸ ತರುವುದೂ ಒಂದು ಕೆಲಸವೇ. ಆದರೆ ಮಾಡಿದವರಿಗೆ ಅರ್ಧವಾದರೂ ಮುಟ್ಟಬೇಕು, ಹೆಸರಂತೂ ಮುಟ್ಟಲೇಬೇಕು.

ಹಾಗಾದರೆ ಯಾವುದಕ್ಕೆ ಡಿಮ್ಯಾಂಡ್ ಇದೆ? ಇನ್‌ಬಾಕ್ಸಿನಲ್ಲಿ ಎಲ್ಲರೂ ಕೇಳುವುದು ಇದೇ. "ಯಾವ ಕೋರ್ಸ್ ಮಾಡ್ಲಿ ಸರ್, ಎಐ ಮಾಡ್ಲ್ಯಾ, ಸೈಬರ್ ಸೆಕ್ಯುರಿಟಿ ಮಾಡ್ಲ್ಯಾ?" ಐದು ಪುಟದ ವರ್ಡ್‌ಪ್ರೆಸ್ ಸೈಟು, ಲೋಗೋ, ಡೇಟಾ ಎಂಟ್ರಿ, ಪದಕ್ಕಿಷ್ಟು ಅಂತ ಬರೆಯುವ ಕಂಟೆಂಟು, ಇವುಗಳ ರೇಟು 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ನೆಲ ಕಚ್ಚಿದ್ದನ್ನು ನಾನೇ ನೋಡಿದ್ದೇನೆ. ಆದರೆ ಅದೇ ಎಐ ಇನ್ನೊಂದು ಥರದ ಕೆಲಸ ಹುಟ್ಟಿಸಿದೆ. ನನಗೆ ಈಗ ಬರುವ ಕೆಲಸದಲ್ಲಿ ದೊಡ್ಡ ಪಾಲು ಅದೇ.

ಅಮೆರಿಕದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನ ಯಜಮಾನ ಎಐ ಕೈಯಲ್ಲಿ ತಾನೇ ಅಪಾಯಿಂಟ್‌ಮೆಂಟ್ ಆ್ಯಪ್ ಬರೆಸಿಕೊಂಡಿದ್ದ. ನೋಡುವುದಕ್ಕೆ ಅಗದೀ ಚಂದ ಇತ್ತು. ಒಂದು ದಿನ ಇಬ್ಬರು ಪೇಶಂಟುಗಳು ಒಂದೇ ಹೊತ್ತಿನ ಸ್ಲಾಟನ್ನು ಒಂದೇ ಕ್ಷಣಕ್ಕೆ ಒತ್ತಿದರು. ಇಬ್ಬರಿಗೂ ಬುಕ್ ಆಯಿತು, ಇಬ್ಬರ ರೊಕ್ಕವೂ ಕಡಿತವಾಯಿತು. ಸ್ಲಾಟ್ ಖಾಲಿ ಇದೆಯೇ ಅಂತ ಆ್ಯಪ್ ಮೊದಲು ನೋಡುತ್ತಿತ್ತು, ಆಮೇಲೆ ಬರೆಯುತ್ತಿತ್ತು, ನಡುವೆ ಇನ್ನೊಬ್ಬ ನುಗ್ಗಿದರೆ ತಡೆಯುವವರು ಯಾರೂ ಇರಲಿಲ್ಲ. ಡೇಟಾಬೇಸಿನಲ್ಲೇ ಒಂದು ಯೂನಿಕ್ ಕನ್‌ಸ್ಟ್ರೇಂಟ್ ಹಾಕಿದರೆ ಎರಡನೆಯವನ ಬುಕಿಂಗ್ ತಾನಾಗಿಯೇ ತಿರಸ್ಕಾರವಾಗುತ್ತದೆ, ಅಷ್ಟೇ ಬೇಕಾಗಿದ್ದದ್ದು. ಅದನ್ನು ಸರಿ ಮಾಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಅಮೆರಿಕದ ಬಹುತೇಕ ಕಡೆ, ಬೇಸಿಗೆಗೆಂದು ಮುಂದಿಟ್ಟ ಗಡಿಯಾರ ನವೆಂಬರ್‌ನ ಮೊದಲ ಭಾನುವಾರ ಒಂದು ತಾಸು ಹಿಂದೆ ಹೋಗುತ್ತದೆ. ಈ ಆ್ಯಪ್ ನವೆಂಬರ್‌ನ ಅಪಾಯಿಂಟ್‌ಮೆಂಟುಗಳನ್ನೂ ಬೇಸಿಗೆಯ ಲೆಕ್ಕದಲ್ಲೇ ಬರೆದಿಟ್ಟಿತ್ತು. ಬಿಟ್ಟಿದ್ದರೆ ಆ ಸೋಮವಾರ ಇಡೀ ಕ್ಲಿನಿಕ್ಕು ಒಂದು ತಾಸು ಆಚೀಚೆ ಆಗುತ್ತಿತ್ತು. ಎರಡೂ ಸೇರಿ ನಾನು ಬದಲಿಸಿದ ಕೋಡು ಒಂದು ಪುಟ ತುಂಬಲಿಲ್ಲ. ಕ್ಲಿನಿಕ್ಕಿನವ ನನ್ನ ತಾಸಿನ ರೇಟು ಕೇಳಲೇ ಇಲ್ಲ, "ಯಾವಾಗ ಮುಗಿಯುತ್ತದೆ" ಅಂತಷ್ಟೇ ಕೇಳಿದ. ಇಡೀ ಕೆಲಸಕ್ಕೆ ಇಷ್ಟು ಅಂತ ಹೇಳಿದೆ, ಒಪ್ಪಿದ.

ಹಾಗಾಗಿ ಯಾವ ಕೋರ್ಸ್ ಅಂತ ಕೇಳಿದರೆ ನನ್ನ ಉತ್ತರ ಬೋರು ಹೊಡೆಸುವಂಥದ್ದು: ಡೇಟಾಬೇಸ್ ನೆಟ್ಟಗೆ ಕಲಿಯಿರಿ. ಕ್ಲೌಡ್ ಬಿಲ್ (ಬಾಡಿಗೆಗೆ ತೆಗೆದುಕೊಂಡ ಸರ್ವರಿನ ಖರ್ಚು) ಯಾಕೆ ಏರುತ್ತದೆ ಅಂತ ಓದಲು ಕಲಿಯಿರಿ. ಬೇರೆಯವರು ಬರೆದ, ಕೆಟ್ಟದಾಗಿ ಬರೆದ ಕೋಡನ್ನು ಬಯ್ಯದೆ ಓದುವುದು ಕಲಿಯಿರಿ. ಇಂಗ್ಲಿಷ್ ಬರೆಯುವುದು ಕಲಿಯಿರಿ, ಮಾತಾಡುವುದಕ್ಕಿಂತ ಬರೆಯುವುದೇ ಇಲ್ಲಿ ಹೆಚ್ಚು ನಡೆಯುತ್ತದೆ. ನಮ್ಮ ಬಿವಿಬಿ, ಎಸ್‌ಡಿಎಂ ಕಾಲೇಜುಗಳ ಹುಡುಗರಿಗೆ ತಲೆಗೇನೂ ಕಡಿಮೆ ಇಲ್ಲ. ಆದರೆ ಕೆಲಸ ಎರಡು ದಿನ ತಡವಾಗುತ್ತದೆ ಅಂತ ಗೊತ್ತಾದ ದಿನವೇ ಕ್ಲೈಂಟಿಗೆ ನಾಲ್ಕು ಸಾಲು ಬರೆಯಿರಿ ಅಂದರೆ ಫೋನ್ ಬಂದ್ ಮಾಡಿ ಕೂರುತ್ತಾರೆ. ಕ್ಲೈಂಟು ಓಡಿಹೋಗುವುದು ಅಲ್ಲಿ.

ಮನೆಯಿಂದಲೇ ನೌಕರಿ ಎನ್ನುವ ಕಾಲ ಮುಗಿಯಿತೇ ಅಂದರೆ, ಸಂಬಳದವರಿಗೆ ಬಹಳ ಮಟ್ಟಿಗೆ ಮುಗಿದಿದೆ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ಎಲ್ಲರನ್ನೂ ವಾಪಸ್ ಆಫೀಸಿಗೆ ಕರೆಯಿತು. ಇನ್ಫೋಸಿಸ್ 2025ರ ಮಾರ್ಚ್‌ನಿಂದ ಕೆಳಗಿನ ಹಂತದವರಿಗೆ ತಿಂಗಳಿಗೆ ಹತ್ತು ದಿನ ಆಫೀಸು ಕಡ್ಡಾಯ ಮಾಡಿತು. ಕೊರೊನಾದಲ್ಲಿ ಊರಿಗೆ ಬಂದು ಕೇಶ್ವಾಪುರದಲ್ಲಿ ಮನೆ ಮಾಡಿದ್ದ ನನ್ನ ಗೆಳೆಯ ಈಗ ವಂದೇ ಭಾರತದ ಕಾಯಂ ಗಿರಾಕಿ. ಜಾಹೀರಾತಿನಲ್ಲಿ ರಿಮೋಟ್ ಅಂತ ಇರುತ್ತದೆ, ಇಂಟರ್‌ವ್ಯೂ ಹೊತ್ತಿಗೆ ಹೈಬ್ರಿಡ್ ಆಗಿರುತ್ತದೆ, ಆಫರ್ ಲೆಟರ್‌ನಲ್ಲಿ ಬೆಂಗಳೂರು ಅಂತ ಇರುತ್ತದೆ. ಫ್ರೀಲಾನ್ಸರ್‌ಗೆ ಈ ಕಾಟ ಇಲ್ಲ, ಅವನಿಗೆ ಕುರ್ಚಿಯನ್ನೇ ಇಟ್ಟಿಲ್ಲವಲ್ಲ.

ಬದಲಿಗೆ ಬೇರೆ ಕಾಟಗಳಿವೆ. ನ್ಯೂಯಾರ್ಕಿನ ಬೆಳಗಿನ ಹತ್ತು ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಏಳೂವರೆ, ನವೆಂಬರ್ ನಂತರ ಎಂಟೂವರೆ. ನಮ್ಮ ಮನೆಯಲ್ಲಿ ರಾತ್ರಿ ರೊಟ್ಟಿ ಬಡಿಯುವ ಹೊತ್ತು ನಿರ್ಧಾರವಾಗುವುದು ಅಮೆರಿಕದ ಗಡಿಯಾರದಿಂದ. ಬ್ಯಾಂಕಿಗೆ ಗೃಹಸಾಲ ಕೇಳಲು ಹೋದರೆ "ಸ್ಯಾಲರಿ ಸ್ಲಿಪ್ ತರ್ರಿ" ಅಂದರು. ಮೂರು ವರ್ಷದ ರಿಟರ್ನ್ಸ್ ಇಟ್ಟ ಮೇಲೂ ಮ್ಯಾನೇಜರ್ ಸಾಹೇಬರು "ಹಂಗಾರ ನೌಕರಿ ಅಂತ ಏನೂ ಇಲ್ಲ ನಿಮಗ" ಅಂತ ನಿಟ್ಟುಸಿರು ಬಿಟ್ಟರು. ಮದುವೆ ಮಾತುಕತೆಯಲ್ಲಿ ಇದೇ ವಾಕ್ಯ ಇನ್ನೂ ಖಾರವಾಗಿ ಬರುತ್ತದೆ, ಅನುಭವಿಸಿದವರು ಕಾಮೆಂಟಿನಲ್ಲಿ ಬರೆಯಿರಿ.

ಡಾಲರಿಗೆ ಟ್ಯಾಕ್ಸ್ ಇಲ್ಲ ಅಂತ ಯಾರೋ ಹಬ್ಬಿಸಿದ್ದಾರೆ, ನಂಬಬೇಡಿ. ಆದಾಯ ತೆರಿಗೆ ಇದ್ದೇ ಇದೆ. ಜಿಎಸ್‌ಟಿಯಲ್ಲಿ ಮಾತ್ರ ಸೇವೆಯ ರಫ್ತಿಗೆ ಸೊನ್ನೆ ದರ, ನೋಂದಣಿ ಮಾಡಿಸಿದವರು ಪ್ರತಿ ವರ್ಷ ಎಲ್‌ಯುಟಿ (ಒಂದು ಥರದ ಮುಚ್ಚಳಿಕೆ ಪತ್ರ) ಸಲ್ಲಿಸಿದರೆ ತೆರಿಗೆ ಕಟ್ಟದೆ ಬಿಲ್ ಕಳಿಸಬಹುದು. ಒಬ್ಬ ಒಳ್ಳೆಯ ಸಿಎ ಹಿಡಿಯಿರಿ, ಅವರ ಫೀಸಿಗೆ ಚೌಕಾಸಿ ಮಾಡಬೇಡಿ.

ರೇಟು ಎಷ್ಟಿಡಲಿ ಅಂತ ಕೇಳುವವರಿಗೆ: ವರ್ಷಕ್ಕೆ ಮನೆಗೆ ಎಷ್ಟು ಬೇಕು ಅಂತ ಮೊದಲು ಬರೆಯಿರಿ, ವಿಮೆ, ಬ್ಯಾಟರಿ, ತೆರಿಗೆ ಎಲ್ಲಾ ಸೇರಿಸಿ. ಅದನ್ನು ವರ್ಷಕ್ಕೆ ನಿಜವಾಗಿ ಬಿಲ್ ಆಗುವ ತಾಸಿನಿಂದ ಭಾಗಿಸಿ. ವರ್ಷಪೂರ್ತಿ ಕೂತ 2,000 ತಾಸಿನಿಂದ ಭಾಗಿಸಬೇಡಿ, ಬಿಲ್ ಆಗುವ ಸುಮಾರು 700ರಿಂದ ಭಾಗಿಸಿ. ಬಂದ ಅಂಕಿ ನೋಡಿ ಎದೆ ಧಸಕ್ ಅಂದರೆ ಅದೇ ಸರಿಯಾದ ರೇಟು. ಹಳೇ ಕ್ಲೈಂಟುಗಳಿಗೆ ಜನವರಿಯಲ್ಲಿ ಮೂರು ಸಾಲಿನ ಮೇಲ್ ಹಾಕಿ ಇಂಥ ತಿಂಗಳಿನಿಂದ ಇಷ್ಟು ಅಂತ ತಿಳಿಸಿ. ಕಾರಣ ವಿವರಿಸುತ್ತಾ ಕೂರಬೇಡಿ, ಮನೆಯ ಕಷ್ಟವಂತೂ ಬರೆಯಲೇಬೇಡಿ. ಹೋದ ವರ್ಷ ನಾನು ಹಾಗೆ ಬರೆದಾಗ ಒಬ್ಬ ಬಿಟ್ಟುಹೋದ, ಉಳಿದವರು "ಓಕೆ" ಅಂದರು.

ಆ ಮೂರು ಸಾಲಿನ ಮಾದರಿ ಬೇಕಾದವರು ಕೆಳಗೆ ಕೇಳಿ, ಹಾಕುತ್ತೇನೆ. ರಾತ್ರಿ ಏಳೂವರೆ ನಂತರ ಕೇಳಿದವರಿಗೆ ನಾಳೆ ಮುಂಜಾನೆ ಉತ್ತರ.